ನಮ್ಮೂರಾಗ ಹೀಟರ್ ಯಾಕ ಬೇಕ್ರಿ ಸರ?

ಹಳೇ ಕಾರು ಇಟ್ಟುಕೊಂಡಿರುವ ಹುಬ್ಬಳ್ಳಿ-ಧಾರವಾಡದ ಯಾರನ್ನಾದರೂ ಕೇಳಿ ನೋಡಿ, ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತಾರೆ. ಹೀಟರ್ ಕೋರ್ ಸೋರಲು ಶುರುವಾಯಿತು ಅಂತ ಗ್ಯಾರೇಜಿಗೆ ಹೋದರೆ ಸಿಗುವ ಚಿಕಿತ್ಸೆ ಒಂದೇ. ಎಂಜಿನ್ನಿನಿಂದ ಡ್ಯಾಶ್‌ಬೋರ್ಡಿನೊಳಗೆ ಹೋಗುವ ಎರಡು ರಬ್ಬರ್ ಪೈಪುಗಳನ್ನು ಕಿತ್ತು, ಒಂದಕ್ಕೊಂದು ಜೋಡಿಸಿ, ಎರಡು ಕ್ಲಿಪ್ಪು ಬಿಗಿದು "ಆತ್ರಿ ಸರ, ಹೊಂಡ್ರಿ" ಅನ್ನುವುದು. ಹತ್ತು ನಿಮಿಷದ ಕೆಲಸ. ಸೋರುವುದು ನಿಲ್ಲುತ್ತದೆ. ಗಿರಾಕಿ ಖುಷಿ, ಮೆಕ್ಯಾನಿಕ್ ಖುಷಿ. ಇದಕ್ಕೆ ನಮ್ಮ ಕಡೆ ಇಟ್ಟಿರುವ ಹೆಸರು 'ರಿಪೇರಿ'!

ಇದು ರಿಪೇರಿ ಅಲ್ಲ ಅನ್ನುವುದು ನನ್ನ ವಾದ. ಮತ್ತು ಇದರ ತಪ್ಪು ಮೆಕ್ಯಾನಿಕ್ಕಿನದಲ್ಲ, ಗಿರಾಕಿಗಳದು ಅನ್ನುವುದು ಅದಕ್ಕಿಂತ ದೊಡ್ಡ ವಾದ. ಕಾರಿನ ಬಗ್ಗೆ ಆಸಕ್ತಿ ಇಲ್ಲದ ಬ್ಲಾಗಿಗ ಮಿತ್ರರು ಈಗಲೇ ಟ್ಯಾಬ್ ಮುಚ್ಚಬೇಡಿ. ಇದು ಬರೀ ಕಾರಿನ ವಿಷಯವಲ್ಲ, ಸ್ವಲ್ಪ ತಾಳಿ.

ಗೊತ್ತಿಲ್ಲದವರಿಗೆ ಎರಡು ಮಾತು. ಕಾರಿನ ಮುಂದೆ ರೇಡಿಯೇಟರ್ ಇರುತ್ತದಲ್ಲ, ಅದರದೇ ಪುಟ್ಟ ತಮ್ಮ ಡ್ಯಾಶ್‌ಬೋರ್ಡಿನ ಹಿಂದೆ ಒಂದು ಡಬ್ಬಿಯಲ್ಲಿ ಕೂತಿರುತ್ತಾನೆ. ಅವನೇ ಹೀಟರ್ ಕೋರ್. ಎಂಜಿನ್ ಸುತ್ತಿ ಬಿಸಿಯಾದ ನೀರು ಇವನ ಸಣ್ಣ ಸಣ್ಣ ನಳಿಗೆಗಳಲ್ಲಿ ಹರಿಯುತ್ತದೆ. ಹಿಂದಿನಿಂದ ಫ್ಯಾನು ಊದುತ್ತದೆ, ಬಿಸಿ ಗಾಳಿ ನಮ್ಮ ಕಡೆ ಬರುತ್ತದೆ. ಎಂಜಿನ್ನು ಹೇಗೂ ಹೊರಗೆ ಚೆಲ್ಲುವ ಶಾಖ, ಅದಕ್ಕೆ ಬೇರೆ ಪೆಟ್ರೋಲ್ ಸುಡಬೇಕಿಲ್ಲ. ಇವನು ಸೋರಿದರೆ ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಒದ್ದೆಯಾಗುತ್ತದೆ, ಒಳಗೆಲ್ಲಾ ಸಿಹಿ ಸಿಹಿ ವಾಸನೆ, ಮುಂದಿನ ಗಾಜಿನ ಒಳಮೈಗೆ ಎಷ್ಟು ಒರೆಸಿದರೂ ಹೋಗದ ಜಿಡ್ಡು.

ಈಗ ಆ ಪ್ರಸಿದ್ಧ ಪ್ರಶ್ನೆಗೆ ಬರೋಣ. ನಮ್ಮೂರಿನಲ್ಲಿ ಹೀಟರ್ ಯಾಕೆ ಬೇಕು? ಇಲ್ಲಿ ಹಿಮ ಬೀಳುತ್ತದೆಯೇ? ಇಲ್ಲ. ಮಾರ್ಚಿನಿಂದ ಮೇ ತನಕ ದುರ್ಗದ ಬೈಲಿನಲ್ಲಿ ನಿಂತವನಿಗೆ ಹೀಟರ್ ಅಂದರೆ ಹೊಡೆಯಲು ಬಂದಾನು. ಒಪ್ಪಿದೆ. ಆದರೆ ಗೆಳೆಯರೆ, ಜುಲೈ ತಿಂಗಳಲ್ಲಿ ಹುಬ್ಬಳ್ಳಿ-ಅಂಕೋಲಾ ರಸ್ತೆಯಲ್ಲಿ ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿದಿದ್ದೀರಾ? ಹೊರಗೆ ಜಡಿಮಳೆ, ಒಳಗೆ ನಾಲ್ಕು ಜನರ ಉಸಿರು, ಒದ್ದೆ ಕೊಡೆ, ಒದ್ದೆ ಚಪ್ಪಲಿ. ಎರಡೇ ನಿಮಿಷದಲ್ಲಿ ಮುಂದಿನ ಗಾಜು ಬೆಳ್ಳಗೆ. ಎದುರಿಗೆ ಲಾರಿ. ಡ್ರೈವರ್ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಬನಿಯನ್ ಬಟ್ಟೆಯಿಂದ ಗಾಜು ಒರೆಸುತ್ತಿರುತ್ತಾನೆ!

ಹೀಟರ್ ಇರುವುದು ಇದಕ್ಕೆ. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳುತ್ತದೆ. 22 ಡಿಗ್ರಿಯ, ನೂರಕ್ಕೆ ನೂರು ತೇವ ತುಂಬಿದ ಮಳೆಗಾಲದ ಗಾಳಿಯನ್ನು 40 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ಆರ್ದ್ರತೆ 36ರ ಆಸುಪಾಸಿಗೆ ಇಳಿಯುತ್ತದೆ. ಅಂಥ ಗಾಳಿಯನ್ನು ಗಾಜಿಗೆ ಊದಿದರೆ ಗಾಜೂ ಬೆಚ್ಚಗಾಗುತ್ತದೆ, ಹಬೆಯೂ ಹಾರುತ್ತದೆ. ಎಸಿ ಇದೆಯಲ್ಲ ಅಂತೀರಾ? ಎಸಿ ಗಾಳಿಯ ತೇವ ತೆಗೆಯುತ್ತದೆ ನಿಜ, ಆದರೆ ಗಾಜನ್ನು ತಣ್ಣಗೆ ಮಾಡುತ್ತದೆ. ಆಗ ಗಾಜಿನ ಹೊರಮೈಗೆ ಹಬೆ ಕೂರುತ್ತದೆ, ಅದನ್ನು ಒಳಗಿನಿಂದ ಒರೆಸಲು ಬರುವುದಿಲ್ಲ. ಎಸಿಯಿಂದ ತೇವ ತೆಗೆದು, ಅದೇ ಗಾಳಿಯನ್ನು ಹೀಟರಿನ ಮೇಲೆ ಹಾಯಿಸಿ ಗಾಜಿಗೆ ಊದುವುದೇ ಎಲ್ಲಕ್ಕಿಂತ ಒಳ್ಳೆಯ ಉಪಾಯ. ಅಂದರೆ ಇದು ಚಳಿ ಕಾಯಿಸಿಕೊಳ್ಳುವ ಐಷಾರಾಮ ಅಲ್ಲ, ಕಣ್ಣು ಕಾಣುವಂತೆ ಮಾಡುವ ಸಾಮಾನು. ವೈಪರ್ ಕೆಟ್ಟರೆ "ನಮ್ಮೂರಾಗ ವೈಪರ್ ಯಾಕ ಬೇಕ್ರಿ" ಅನ್ನುತ್ತಾರಾ?

ಇನ್ನೊಂದು ಉಪಯೋಗವೂ ಇದೆ. ಘಾಟ್ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಕಡೆ ಸರಿಯತೊಡಗಿತು ಅಂದುಕೊಳ್ಳಿ. ಎಸಿ ಬಂದ್ ಮಾಡಿ, ಹೀಟರ್ ಪೂರ್ತಿ ತೆಗೆದು, ಫ್ಯಾನು ಜೋರು ಮಾಡಿದರೆ ಆ ಪುಟ್ಟ ತಮ್ಮ ಎರಡನೇ ರೇಡಿಯೇಟರ್ ಆಗಿ ಕೆಲಸ ಮಾಡುತ್ತಾನೆ. ಒಳಗೆ ಕೂತವರು ಬೇಯುತ್ತಾರೆ, ಎಂಜಿನ್ ಬದುಕುತ್ತದೆ. ಹತ್ತು ನಿಮಿಷ ಕಾಲಾವಕಾಶ ಸಿಕ್ಕರೆ ಸಾಕು, ಗಾಡಿ ನಿಲ್ಲಿಸಲು ಜಾಗ ಹುಡುಕಬಹುದು. ಬೈಪಾಸ್ ಮಾಡಿಸಿಕೊಂಡವನಿಗೆ ಈ ದಾರಿಯೂ ಇಲ್ಲ.

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ಎರಡೂ ಪೈಪುಗಳನ್ನು ಸರಿಯಾಗಿ ಒಂದಕ್ಕೊಂದು ಜೋಡಿಸಿದರೆ ಎಂಜಿನ್ನಿಗೆ ಅಂಥ ತೊಂದರೆಯೇನೂ ಆಗುವುದಿಲ್ಲ, ನೀರು ಸುತ್ತುತ್ತಲೇ ಇರುತ್ತದೆ. ಆದರೆ ಕೆಲವರು ಜೋಡಿಸುವುದೂ ಇಲ್ಲ, ಎರಡೂ ಬಾಯಿಗೆ ಬೋಲ್ಟ್ ತುರುಕಿ ಕ್ಲಿಪ್ ಬಿಗಿಯುತ್ತಾರೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಮುಚ್ಚಿರುವಾಗ ನೀರು ಸುತ್ತುವುದೇ ಹೀಟರಿನ ದಾರಿಯಲ್ಲಿ. ಆ ದಾರಿಗೆ ಬೆಣೆ ಹೊಡೆದರೆ ಎಂಜಿನ್ ಹೆಡ್ಡಿನ ಒಂದು ಮೂಲೆಯಲ್ಲಿ ನೀರು ನಿಂತಲ್ಲೇ ಕುದಿಯುತ್ತದೆ. ಯಾವ ಎಂಜಿನ್ನು ಯಾವ ಥರ ಅಂತ ನೋಡದೆ ಮಾಡುವ ಕೆಲಸಕ್ಕೆ ಏನನ್ನಬೇಕು?

ನನಗೆ ಹೀಟರಿಗಿಂತ ಹೆಚ್ಚು ಸಿಟ್ಟು ಬರುವುದು 'ನಮ್ಮೂರಿಗೆ ಬೇಡ' ಅನ್ನುವ ತರ್ಕದ ಮೇಲೆ. ಅದು ಹೀಟರಿಗೆ ನಿಲ್ಲುವುದಿಲ್ಲ. ಮುಂದಿನ ಬಲಿ ಥರ್ಮೋಸ್ಟಾಟ್. "ಎಂಜಿನ್ ಬಿಸಿ ಆಗಲಿ ಅಂತ ಇಟ್ಟಾರ್ರಿ, ಫಾರಿನ್ನದಾಗ ಬೇಕು, ನಮಗ ಬ್ಯಾಡ" ಅಂತ ಕಿತ್ತೆಸೆಯುತ್ತಾರೆ. ಥರ್ಮೋಸ್ಟಾಟ್ ಅಂದರೆ ಒಳಗೆ ಮೇಣದ ಗುಳಿಗೆ ಇರುವ ಒಂದು ಬಾಗಿಲು. ಸಾಮಾನ್ಯವಾಗಿ 82ರಿಂದ 88 ಡಿಗ್ರಿಯಲ್ಲಿ ಮೇಣ ಉಬ್ಬಿ ಬಾಗಿಲು ತೆರೆಯುತ್ತದೆ. ಅದನ್ನು ಕಿತ್ತರೆ ಎಂಜಿನ್ ತನಗೆ ಬೇಕಾದ ಬಿಸಿಗೆ ಬರಲು ತಡವಾಗುತ್ತದೆ. ಅಷ್ಟು ಹೊತ್ತು ಪೆಟ್ರೋಲ್ ಹೆಚ್ಚು, ಸವೆತ ಹೆಚ್ಚು, ಆಯಿಲ್‌ನಲ್ಲಿ ಕೂತ ನೀರಿನಂಶ ಆವಿಯಾಗದೆ ಆಯಿಲ್ ಕ್ಯಾಪಿನ ಕೆಳಗೆ ಬೆಣ್ಣೆಯಂಥ ಬಿಳಿ ಕೆನೆ. ನಿಮ್ಮ ಊರು ಹುಬ್ಬಳ್ಳಿಯಾದರೇನು, ಹೆಲ್ಸಿಂಕಿಯಾದರೇನು, ಎಂಜಿನ್ ಒಳಗೆ ಬೇಕಾದ ಬಿಸಿ ಅಷ್ಟೇ.

ಅದಾದ ಮೇಲೆ ಕೂಲಂಟ್. ಇದಕ್ಕೆ ಯಾರೋ ಪುಣ್ಯಾತ್ಮರು 'ಆಂಟಿಫ್ರೀಜ್' ಅಂತ ಹೆಸರಿಟ್ಟರು, ನಮ್ಮವರಿಗೆ ಅಷ್ಟೇ ಸಾಕಾಯಿತು. ಹಿಮ ಇಲ್ಲದ ಮೇಲೆ ಆಂಟಿಫ್ರೀಜ್ ಯಾಕೆ, ಬೋರ್‌ವೆಲ್ ನೀರು ಹಾಕಿ! ಹುಬ್ಬಳ್ಳಿ ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ಬರೀ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಅರ್ಧ ನೀರು ಅರ್ಧ ಎಥಿಲೀನ್ ಗ್ಲೈಕಾಲ್ ಬೆರೆಸಿದರೆ ಕುದಿಯುವ ಬಿಂದು ಏಳೆಂಟು ಡಿಗ್ರಿ ಮೇಲೇರುತ್ತದೆ. ರೇಡಿಯೇಟರ್ ಕ್ಯಾಪ್ 0.9 ಬಾರ್ ಒತ್ತಡ ಹಿಡಿದರೆ ಬರೀ ನೀರೂ 117ರ ಸುತ್ತಮುತ್ತ ಹೋಗುವ ತನಕ ಕುದಿಯುವುದಿಲ್ಲ. ಆದರೆ ಆ ಕ್ಯಾಪಿನ ರಬ್ಬರ್ ಹೋಗಿ ಎಷ್ಟು ವರ್ಷವಾಯಿತು ಅಂತ ನೋಡುವವರು ಯಾರು? ಇನ್ನು ಬೋರ್‌ವೆಲ್ ನೀರಿನ ಸುಣ್ಣ. ಗೀಸರ್ ಬಿಚ್ಚಿದಾಗ ಕಾಯಿಲ್ ಮೇಲೆ ಕಾಣುವ ಬಿಳಿ ಪದರ ಇದೆಯಲ್ಲ, ಅದೇ ಎಂಜಿನ್ನಿನ ಒಳಗೂ ಕೂರುತ್ತದೆ. ಎಲ್ಲಕ್ಕಿಂತ ಮೊದಲು ಕಟ್ಟಿಕೊಳ್ಳುವುದು ಅತಿ ಸಣ್ಣ ನಳಿಗೆ, ಅಂದರೆ ಹೀಟರ್ ಕೋರ್. ಕೂಲಂಟಿನಲ್ಲಿರುವ ತುಕ್ಕುನಿರೋಧಕ ರಾಸಾಯನಿಕಗಳು ಇಲ್ಲದ ನೀರು ಆ ತೆಳು ಲೋಹವನ್ನು ತಿಂದು ತೂತು ಮಾಡುತ್ತದೆ. ಆಮೇಲೆ "ನೋಡ್ರಿ, ಹೀಟರ್ ಅಂದ್ರ ಬರೇ ತ್ರಾಸು" ಅಂತ ಅದನ್ನೇ ಬೈಪಾಸ್ ಮಾಡುವುದು. ಒಂದು ಬೇಡ ಇನ್ನೊಂದು ಬೇಡಕ್ಕೆ ಸಾಕ್ಷಿ ಹೇಳುತ್ತದೆ. ಚೆನ್ನಾಗಿದೆ ಅಲ್ವಾ?

ಹೀಟರ್, ಆಂಟಿಫ್ರೀಜ್, ಎರಡೂ ಚಳಿ ದೇಶದವರು ತಮ್ಮ ಅನುಕೂಲಕ್ಕೆ ಇಟ್ಟುಕೊಂಡ ಹೆಸರು. ನಾವು ಹೆಸರು ನೋಡಿ ಸಾಮಾನನ್ನು ಎಸೆದೆವು. ಅದು ಮಾಡುವ ಕೆಲಸ ಏನು ಅಂತ ಕೇಳಲಿಲ್ಲ. ಹೀಟರಿಗೆ 'ಗಾಜು ಒಣಗಿಸುವ ಯಂತ್ರ' ಅಂತಲೂ, ಆಂಟಿಫ್ರೀಜಿಗೆ 'ತುಕ್ಕುನಾಶಕ' ಅಂತಲೂ ಕನ್ನಡದಲ್ಲಿ ಕರೆದಿದ್ದರೆ ಬಹುಶಃ ಯಾರೂ ಕಿತ್ತೆಸೆಯುತ್ತಿರಲಿಲ್ಲ. (ಪಾರಿಭಾಷಿಕ ಪದಗಳ ಬಗ್ಗೆ ಬ್ಲಾಗುಗಳಲ್ಲಿ ಜಗಳ ಆಡುವ ಮಿತ್ರರಿಗೆ ಇದು ನನ್ನ ಕಾಣಿಕೆ :) )

ನಮ್ಮ ಮನೆಯ ಲೆಕ್ಕ ಹೇಳುತ್ತೇನೆ. ಅಪ್ಪನದು 1994ರ ಮಾರುತಿ 800, ಎಸಿ-ಹೀಟರ್ ಎರಡೂ ಇರುವುದು. ಹೋದ ಮಳೆಗಾಲ ಕೋರ್ ಸೋರಿತು. ಒಂದು ಗ್ಯಾರೇಜಿನಲ್ಲಿ ಬೈಪಾಸಿಗೆ 150 ರೂಪಾಯಿ ಹೇಳಿದರು. ನನಗೆ ಕೋರ್ ರಿಪೇರಿಯೇ ಬೇಕು ಅಂದಿದ್ದಕ್ಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಷ್ಟು ಡ್ಯಾಶ್‌ಬೋರ್ಡ್ ಬಿಚ್ಚಿದ್ರ ಕೂಲಿ ಕೊಡೂರ್ ಯಾರ್ರಿ ಸರ? ಎಲ್ಲಾರೂ ಮೊದ್ಲ ಹೂಂ ಅಂತಾರ, ಆಮ್ಯಾಲ ವಾದಾ ಮಾಡ್ತಾರ" ಅಂದರು. ಈ ಮಾತಿನಲ್ಲಿ ಇಡೀ ಸಮಸ್ಯೆ ಇದೆ ನೋಡಿ.

ಕೊನೆಗೆ ಬಿಚ್ಚಲು ಒಬ್ಬ ಫಿಟರ್ ಸಿಕ್ಕರು, ಬೆಸುಗೆಗೆ ಪಿ.ಬಿ. ರೋಡಿನ ಬದಿಯ ರೇಡಿಯೇಟರ್ ಚಾಚಾ. ಫಿಟರ್ ತಣ್ಣಗಿರುವ ಎಂಜಿನ್ನಿನಿಂದ ನೀರು ಇಳಿಸಿ, ಗಟ್ಟಿಯಾದ ಪೈಪುಗಳನ್ನು ಎಳೆಯದೆ ಬ್ಲೇಡಿನಿಂದ ಸೀಳಿ ತೆಗೆದರು. ಎಳೆದರೆ ಕೋರಿನ ತೆಳು ನಳಿಗೆ ಬಾಗಿ ಹೋಗುತ್ತದಂತೆ. ಡ್ಯಾಶ್‌ಬೋರ್ಡ್ ಬಿಚ್ಚಿ, ಪ್ರತಿ ಸ್ಕ್ರೂ ಯಾವ ತೂತಿನದು ಅಂತ ರಟ್ಟಿನ ಮೇಲೆ ಚುಚ್ಚಿಟ್ಟರು. ಚಾಚಾ ಕೋರಿನ ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಗಾಳಿ ಕೊಟ್ಟು, ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಗುಳ್ಳೆ ಬಂದ ಜಾಗಕ್ಕೆ ಸೀಮೆಸುಣ್ಣದ ಗುರುತು. ನಮ್ಮದು ಪುಣ್ಯಕ್ಕೆ ತಾಮ್ರ-ಹಿತ್ತಾಳೆಯದು. ಹಳೇ ಬೆಸುಗೆ ಕೆರೆದು, ಆಸಿಡ್ ಹಚ್ಚಿ, ಹೊಸ ಬೆಸುಗೆ ಹಾಕಿ, ಮತ್ತೆ ಮುಳುಗಿಸಿ, "ಈಗ ನೋಡ್ರಿ" ಅಂದರು. ಒಂದು ಗುಳ್ಳೆ ಇಲ್ಲ. ಕೂರಿಸುವಾಗ ಕೋರಿನ ಸುತ್ತ ಹೊಸ ಫೋಮ್ ಪಟ್ಟಿ ಹಚ್ಚಿದರು, ಇಲ್ಲದಿದ್ದರೆ ಗಾಳಿ ಕೋರಿನ ಪಕ್ಕದಿಂದ ನುಸುಳಿ ತಣ್ಣಗೇ ಬರುತ್ತದೆ. ಕೂಲಂಟ್ ತುಂಬಿ, ಗಾಡಿಯ ಮೂತಿ ಮೇಲೆ ಮಾಡಿ ನಿಲ್ಲಿಸಿ, ಹೀಟರ್ ತೆರೆದಿಟ್ಟು, ಥರ್ಮೋಸ್ಟಾಟ್ ತೆರೆಯುವ ತನಕ ಎಂಜಿನ್ ಓಡಿಸಿ ಒಳಗಿನ ಗಾಳಿ ಹೊರಡಿಸಿದರು. ಎರಡು ದಿನ. ಬೆಸುಗೆಗೆ 700, ಫಿಟರ್ ಕೂಲಿ 2,800, ಪೈಪು-ಕ್ಲಿಪ್ಪು-ಫೋಮು-ಕೂಲಂಟಿಗೆ 1,100. ಒಟ್ಟು 4,600.

ಇದನ್ನು ಗೆಳೆಯರ ಮುಂದೆ ಹೇಳಿದರೆ ಬಂದ ಉತ್ತರ: "ಎರಡು ದಿನದ ಕೂಲಿ 2,800?! ಚಲೋ ಟೋಪಿ ಹಾಕ್ಯಾರ ಬಿಡಲೇ ನಿನಗ." ಹೀಗೆ ಅಂದವರೆಲ್ಲ ನನ್ನ ಹಾಗೇ ಸಾಫ್ಟ್‌ವೇರಿನವರು. ಸ್ವಾಮಿ, ನಾವು ಹೊಟ್ಟೆ ಹೊರೆಯುವುದೇ ಗಂಟೆ ಲೆಕ್ಕದಲ್ಲಿ! ಒಂದು ಬಗ್ ಎಲ್ಲಿದೆ ಅಂತ ಹುಡುಕಲು ಎರಡು ದಿನ ತಗೊಂಡು, ಕೊನೆಗೆ ಒಂದೇ ಸಾಲು ಬದಲಾಯಿಸಿ, ಆ ಎರಡೂ ದಿನದ ಬಿಲ್ಲನ್ನು ಅಮೆರಿಕಾದ ಗಿರಾಕಿಗೆ ಕಳಿಸುವವರು ನಾವು. "ಒಂದೇ ಸಾಲಿಗೆ ಇಷ್ಟಾ?" ಅಂತ ಅವನು ಕೇಳಿದರೆ ನಮಗೆ ಅವಮಾನ. ಅದೇ ನಾವು ಫಿಟರಿಗೆ "ಬರೇ ಬಿಚ್ಚಿ ಹಾಕಿದ್ದಕ್ಕ ಇಷ್ಟಾ?" ಅನ್ನುತ್ತೇವೆ. ಸಾಮಾನಿಗೆ ಎಷ್ಟಾದರೂ ಕೊಡಲು ತಯಾರು, ಅದಕ್ಕೆ ಡಬ್ಬಿ ಇದೆ, ಎಂಆರ್‌ಪಿ ಇದೆ. ಮನುಷ್ಯನ ಬುದ್ಧಿಗೆ, ಬೆರಳಿಗೆ ಎಂಆರ್‌ಪಿ ಇಲ್ಲ, ಆದ್ದರಿಂದ ಚೌಕಾಸಿ.

ಇದರ ಫಲ ಬೈಪಾಸ್. ಮೆಕ್ಯಾನಿಕ್ ದಡ್ಡ ಅಲ್ಲ. ಎರಡು ದಿನ ಕಷ್ಟಪಟ್ಟು ಅರ್ಧ ಕೂಲಿ ಪಡೆಯುವುದಕ್ಕಿಂತ ಹತ್ತು ನಿಮಿಷದಲ್ಲಿ 150 ಪಡೆಯುವುದು ಲಾಭ ಅಂತ ಅವನಿಗೆ ಗೊತ್ತು. ಅದನ್ನು ಕಲಿಸಿದ್ದು ಗಿರಾಕಿಗಳು. ಫೇಲ್ ಆಗುವ ಟೆಸ್ಟನ್ನು ಕಾಮೆಂಟ್ ಮಾಡಿ ಬಿಲ್ಡ್ ಹಸಿರು ಮಾಡುವವನಿಗೆ ನಾವು ಆಫೀಸಿನಲ್ಲಿ ಏನೇನೋ ಅನ್ನುತ್ತೇವೆ. ಆದರೆ ಮ್ಯಾನೇಜರ್ ಆದವನು ಟೆಸ್ಟ್ ಸರಿಪಡಿಸಲು ಸಮಯವನ್ನೇ ಕೊಡದಿದ್ದರೆ ಪಾಪ ಅವನೇನು ಮಾಡಿಯಾನು?

ದುಡ್ಡೇ ಇಲ್ಲದವರು ಏನು ಮಾಡಬೇಕು ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಾಡಿಗೆ ಗಾಡಿ ಓಡಿಸುವವನಿಗೆ ಎರಡು ದಿನ ಗಾಡಿ ನಿಂತರೆ ಮನೆ ನಡೆಯುವುದು ಕಷ್ಟ. ಅವನು ಬೈಪಾಸ್ ಮಾಡಿಸಲಿ, ಎರಡೂ ಪೈಪು ಸರಿಯಾಗಿ ಜೋಡಿಸಿ ಮಾಡಿಸಲಿ, ಮತ್ತು ಗಾಡಿ ಮಾರುವಾಗ ಕೊಳ್ಳುವವನಿಗೆ ಹೇಳಲಿ. ನನ್ನ ತಕರಾರು ಇರುವುದು ವಾರಾಂತ್ಯದ ಒಂದು ಊಟಕ್ಕೆ 2,800 ಕೊಟ್ಟು ಬಂದು ಫಿಟರಿನ ಎರಡು ದಿನಕ್ಕೆ ಮುಖ ಗಂಟು ಹಾಕುವವರ ಮೇಲೆ.

ಇನ್ನೊಂದು ಪಂಗಡ ಇದೆ: "ಮೂವತ್ತು ವರ್ಷದ ಗಾಡಿಗೆ ಇಷ್ಟು ಯಾಕೆ, ಗುಜರಿಗೆ ಹಾಕು." ಸರ್ಕಾರದ ಲೆಕ್ಕ ನೋಡಿ. 2021ರ ಮಾರ್ಚಿನಲ್ಲಿ ನಿತಿನ್ ಗಡ್ಕರಿಯವರು ಸಂಸತ್ತಿನಲ್ಲಿ ಗುಜರಿ ನೀತಿ ಪ್ರಕಟಿಸಿದರು. ಖಾಸಗಿ ಕಾರಿಗೆ 15 ವರ್ಷವಾದ ಮೇಲಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿ ಇದ್ದದ್ದು 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದರು. ಇದರ ಜೊತೆಗೇ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳ ನಿಯಮವೂ ಬಂತು: 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ 'ವಿಎ' ಅಕ್ಷರಗಳಿರುವ ಪ್ರತ್ಯೇಕ ನಂಬರ್. ಅಂದರೆ 15ಕ್ಕೆ ಮುದಿ, 50ಕ್ಕೆ ಪರಂಪರೆ! ನಡುವಿನ 35 ವರ್ಷ ಆ ಗಾಡಿಯನ್ನು ಬದುಕಿಸಿ ಇಡುವವರು ಯಾರು? ಅದೇ ಫಿಟರ್, ಅದೇ ಚಾಚಾ. ಅವರಿಲ್ಲದೆ ಯಾವ ಕಾರೂ 50 ಮುಟ್ಟುವುದಿಲ್ಲ. ಅಂಬಾಸಿಡರ್ 2014ರಲ್ಲಿ ನಿಂತಿತು, ಮಾರುತಿ 800 ಕೂಡ ಅದೇ ವರ್ಷ. ಮುಂಬೈಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿದಾಗ ಎಲ್ಲರೂ ಫೋಟೋ ಹಾಕಿ ಕಣ್ಣೀರಿಟ್ಟರು. ಆ ಕಾರುಗಳನ್ನು ಓಡುವಂತೆ ಇಟ್ಟವರ ಬಗ್ಗೆ ಒಂದು ಸಾಲು ಬರೆದವರು ಎಷ್ಟು ಜನ?

ಕಂಪನಿಗಳದೂ ಪಾಲಿದೆ. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಮುಕ್ತವಾಗಿ ಸಿಗದಂತೆ ಮಾಡಿದ್ದಕ್ಕೆ 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಆಮೇಲೆ ಅದು ಮೇಲ್ಮನವಿ, ಕೋರ್ಟು ಅಂತ ಅಲೆಯಿತು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕಿ'ಗಾಗಿ ಸಮಿತಿ ಮಾಡಿ, ಪೋರ್ಟಲ್ ತೆರೆದು, ಅದರಲ್ಲಿ ವಾಹನಗಳನ್ನೂ ಸೇರಿಸಿತು. ಒಳ್ಳೆಯದೇ. ಆದರೆ ರಿಪೇರಿ ಮಾಡುವ ಕೈಯೇ ಇಲ್ಲದ ಮೇಲೆ ರಿಪೇರಿ ಹಕ್ಕು ಇಟ್ಟುಕೊಂಡು ಏನು ಮಾಡೋಣ?

ಆ ಕೈಗಳು ಕಡಿಮೆಯಾಗುತ್ತಿವೆ. ಹೊಸ ರೇಡಿಯೇಟರುಗಳೆಲ್ಲ ಅಲ್ಯೂಮಿನಿಯಂ ಕೋರು, ಪ್ಲಾಸ್ಟಿಕ್ ಟ್ಯಾಂಕು. ಹಗುರ, ಅಗ್ಗ, ಅದರಲ್ಲಿ ತಪ್ಪೇನಿಲ್ಲ. ಆದರೆ ಚಾಚಾನ ಸೀಸ-ತವರದ ಬೆಸುಗೆ ಅದಕ್ಕೆ ಹಿಡಿಯುವುದಿಲ್ಲ. ಅವರ ಕೆಲಸ ಉಳಿದಿರುವುದು ಹಳೇ ಗಾಡಿ, ಟ್ರ್ಯಾಕ್ಟರು, ಲಾರಿಗಳಲ್ಲಿ ಮಾತ್ರ. ಇನ್ನೊಂದು ವಿಷಯ ಹೇಳಲೇಬೇಕು: ಆ ಬೆಸುಗೆಯ ಸೀಸ ವಿಷ. ಚಾಚಾ ದಿನವಿಡೀ ಅದರ ಹೊಗೆಯಲ್ಲಿ, ಮೂಗಿಗೆ ಬಟ್ಟೆಯೂ ಇಲ್ಲದೆ ಕೂತಿರುತ್ತಾರೆ. ಹೊಗೆ ಹೊರಗೆಳೆಯುವ ಒಂದು ಫ್ಯಾನು ಹಾಕಿಸಿ ಅಂದರೆ, "ರೊಕ್ಕಾ ಯಾರ್ ಕೊಡ್ತಾರಪಾ, ಗಿರಾಕಿ 700 ಅಂದ್ರ 400 ತಗೋ ಅಂತಾರ" ಅಂದರು. ಮಗ ಈ ಕೆಲಸಕ್ಕೆ ಬಂದಿಲ್ಲ. ಬರುವುದು ಬೇಡ ಅಂತ ಅವರೇ ಹೇಳಿದ್ದಾರೆ. ನಾವು ಉಳಿಸಿದ ಆ 300 ರೂಪಾಯಿ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ.

ಆದ್ದರಿಂದ ಹಳೇ ಗಾಡಿ ಇರುವ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೆ. ಈ ಮಳೆಗಾಲಕ್ಕೆ ಮುಂಚೆ ಬಾನೆಟ್ ಎತ್ತಿ, ಹೀಟರ್ ಪೈಪು ಎರಡೂ ಗೋಡೆಯೊಳಗೆ ಹೋಗಿವೆಯೋ ಅಥವಾ ಒಂದಕ್ಕೊಂದು ಗಂಟು ಬಿದ್ದಿವೆಯೋ ನೋಡಿ. ಥರ್ಮೋಸ್ಟಾಟ್ ಇದೆಯಾ ಕೇಳಿ. ಬೋರ್‌ವೆಲ್ ನೀರು ತೆಗೆಸಿ ಕೂಲಂಟ್ ಹಾಕಿಸಿ. (ಇಳಿಸಿದ ಕೂಲಂಟನ್ನು ರಸ್ತೆಗೆ ಚೆಲ್ಲಬೇಡಿ, ಸಿಹಿ ಇರುತ್ತದೆ, ನಾಯಿ ನೆಕ್ಕಿದರೆ ಸಾಯುತ್ತದೆ.) ಗ್ಯಾರೇಜಿನಲ್ಲಿ "ಎಷ್ಟಾಗುತ್ತದೆ" ಅಂತ ಕೇಳುವ ಮೊದಲು "ಎಷ್ಟು ದಿನದ ಕೆಲಸ" ಅಂತ ಕೇಳಿ. ಕೂಲಿಯನ್ನು ಮೊದಲೇ ಮಾತಾಡಿ, ಆಡಿದಷ್ಟನ್ನು ಪೂರ್ತಿ ಕೊಡಿ. ನಿಮ್ಮ ಊರಿನಲ್ಲಿ ಕೋರ್ ಬೆಸುಗೆ ಹಾಕುವವರು ಇನ್ನೂ ಇದ್ದರೆ ಯಾವ ರಸ್ತೆ ಅಂತ ಕಾಮೆಂಟಿನಲ್ಲಿ ತಿಳಿಸಿ, ಎಲ್ಲರಿಗೂ ಉಪಯೋಗವಾಗುತ್ತದೆ.

ಬೈಪಾಸೇ ಸರಿ ಅನ್ನುವವರೂ ಬರೆಯಿರಿ, ಜಗಳಕ್ಕೆ ನಾನು ತಯಾರು. ಆದರೆ "ನಮ್ಮೂರಾಗ ಯಾಕ ಬೇಕ್ರಿ" ಅಂತ ಮಾತ್ರ ಶುರು ಮಾಡಬೇಡಿ.